ಗಂಜಿ ಚಿಮುಕಿಸಿದ ಶಾವಿಗೆ

ಗಜೇಂದ್ರಗಡಕ್ಕೆ ಸೊಸೆಯಾಗಿ ಬಂದ ಮರುದಿನ ಬೆಳಿಗ್ಗೆ ಅಂಗಳದ ಕೋಲಿನ ಮೇಲೆ ನೂಲು ಒಣಗಲು ಹಾಕಿದ್ದನ್ನು ಕಂಡೆ. ಮುಟ್ಟಿದರೆ ಎಳೆಗಳು ಮೆತ್ತಗಿದ್ದವು. ಗಂಜಿ ಹಿಡಿದಿಲ್ಲ ಎನ್ನಿಸಿತು. ನೇಕಾರರ ಮಗಳು ನಾನು, ಸುಮ್ಮನಿರಲಾರದೆ ಮಗ್ಗದ ಬಳಿಯಿದ್ದ ಗಂಜಿ ತಂದು ಧಾರಾಳವಾಗಿ ಚಿಮುಕಿಸಿದೆ. ಎಳೆಗಳು ಒಂದಕ್ಕೊಂದು ಅಂಟಿ, ಮುದ್ದೆಯಾಗಿ ನೆಲಕ್ಕೆ ಬಿದ್ದವು.

"ಅದು ನೂಲಲ್ಲ ತಂಗಿ, ಶಾವಿಗಿ," ಎಂದಳು ನನ್ನ ಗಂಡನ ಅಣ್ಣನ ಹೆಂಡತಿ ನೀಲವ್ವ. ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅವತ್ತಿನಿಂದ ಓಣಿಗೆಲ್ಲ ನಾನು 'ಗಂಜಿ ಸೊಸಿ'.

ನನ್ನ ತವರೂರು ಕುಮಟೆಯವರಾದ ನೀವು ಈ ಕಾಗದ ಓದಿ ನನ್ನನ್ನು ಬೈಯಬೇಡಿ. ನಮ್ಮಲ್ಲಿ ಶಾವಿಗೆಯೆಂದರೆ ಅಕ್ಕಿಯದು. ಶಾವಿಗೆ ಒರಳಿನ ತೂತಿನ ಅಚ್ಚಿನಲ್ಲಿ ಒತ್ತಿ, ಬಿಸಿಯಿರುವಾಗಲೇ ಕಾಯಿಹಾಲು ಸುರಿದು ತಿಂದು ಮುಗಿಸುವುದು. ಇಲ್ಲಿಯದು ಗೋಧಿಯದು. ಬೇಸಿಗೆಯಲ್ಲಿ ಗೀರು ಕೊರೆದ ಮಣೆಯ ಮೇಲೆ ಕಣಕವನ್ನು ಅಂಗೈಯಿಂದ ತಿಕ್ಕಿ ಎಳೆ ತೆಗೆಯುತ್ತಾರೆ. ಅದಕ್ಕೆ 'ಹೊಸಿಯೂದು' ಎನ್ನುತ್ತಾರೆ. ಒಣಗಿಸಿ ವರ್ಷವಿಡೀ ಇಟ್ಟುಕೊಳ್ಳುತ್ತಾರೆ. ಇಲ್ಲಿ ನೀರು ಗಡುಸು, ರೊಟ್ಟಿ ಗಡುಸು, ಮಾತೂ ಗಡುಸು ಎಂದು ಮೊದಲ ವರ್ಷ ಬಹಳ ಅತ್ತಿದ್ದೆ. 'ಚಲೋ' ಎಂದರೆ ಒಳ್ಳೆಯದು ಎಂದು ತಿಳಿಯಲು ಎರಡು ದಿನ ಸಾಕಾಯಿತು. ನನ್ನ ಅಡಿಗೆಗೆ ಅತ್ತೆಯ ಬಾಯಿಂದ ಆ ಮಾತು ಬರಲು ಮೂರು ವರ್ಷ ಬೇಕಾಯಿತು.

ನೀಲವ್ವನಿಗೆ ಅದು ದಿನಾ ಸಿಗುತ್ತಿತ್ತು. ಅವಳ ಎಳೆ ಕೂದಲಿಗಿಂತ ಸಣ್ಣ. ನನಗೆ ಹೊಟ್ಟೆಕಿಚ್ಚು, ಮುಚ್ಚಿಡುವುದೇನು? ಅವಳು ಹೊಸೆಯಲು ಕೂತಾಗ ಎಳೆ ತುಂಡಾಗಲಿ ಎಂದು ದೇವರಿಗೆ ಹರಕೆ ಹೊತ್ತವಳು ನಾನು. ಅತ್ತೆಯ ಮಣೆ ಅವರ ಅತ್ತೆ ಕೊಟ್ಟದ್ದು. ಕೈ ಸೋತಾಗ ಅದನ್ನು ಯಾವ ಸೊಸೆಗೆ ಕೊಡುತ್ತಾರೋ ಅವಳೇ ಅಡಿಗೆಮನೆಯ ಯಜಮಾನಿ. ಆ ಮಣೆ ನನಗೆ ಬೇಕಿತ್ತು.

ನರಗುಂದದ ಕಡೆ ಗದ್ದಲವೆದ್ದ ವರ್ಷ ದಾರಿ ಮುಚ್ಚಿಹೋಗಿ, ಘಟ್ಟದ ಕೆಳಗಿನ ತೆಂಗಿನಕಾಯಿ ಬರಲೇ ಇಲ್ಲ. ಕಾಯಿಹಾಲಿಗೆ ನನ್ನ ನಾಲಿಗೆ ಹಪಹಪಿಸುತ್ತಿತ್ತು. ಅದೇ ಹೊತ್ತಿಗೆ ಮನೆಯ ಎಮ್ಮೆ ಈಯಿತು. ಬೇಯಿಸಿ ಬಸಿದ ಶಾವಿಗೆಗೆ ಗಿಣ್ಣದ ಹಾಲು, ಬೆಲ್ಲ, ಏಲಕ್ಕಿ ಬೆರೆಸಿ, ಮೇಲೆ ಇನ್ನೊಂದು ಎಮ್ಮೆಯ ಹಾಲಿನ ದಪ್ಪ ಕೆನೆ ಹಾಸಿ, ಪಾತ್ರೆಯ ಬಾಯಿ ಕಟ್ಟಿ ಹಬೆಯಲ್ಲಿಟ್ಟೆ. ಗಿಣ್ಣ ಗಟ್ಟಿಯಾಗಿ ಎಳೆ ಎಳೆಗೂ ಹಿಡಿಯಿತು.

ಅತ್ತೆ ಒಂದು ತುತ್ತು ತಿಂದು ಕಣ್ಣು ಮುಚ್ಚಿದರು. "ಭಾಳ ಚಲೋ ಆಗೇತಿ. ನೀಲವ್ವಾ, ಶಾವಿಗಿ ನೀ ಹೊಸೆದದ್ದಲ್ಲಾ?"

"ಹೌದ್ರಿ ಅತ್ತಿ. ಆದ್ರ ಅಡಗಿ ಮಾಡಿದಾಕಿ ತಂಗಿರೀ."

"ಎಳಿ ಚಲೋ ಇದ್ರ ಎಲ್ಲಾ ಚಲೋನ," ಎಂದರು ಅತ್ತೆ.

ಆ ಬೇಸಿಗೆಯಲ್ಲೇ ಮಣೆ ನೀಲವ್ವನ ಪಾಲಾಯಿತು. ಅವಳು ನನ್ನ ಹೆಸರು ಹೇಳದೆ ಸುಮ್ಮನಿದ್ದಿದ್ದರೆ ಬೈದಾದರೂ ಹಗುರಾಗುತ್ತಿದ್ದೆ. ಒಳ್ಳೆಯತನವೂ ಅವಳಿಗೇ ಸಿಗಬೇಕೇ?

ಮರುವರ್ಷ ದಾರಿ ತೆರೆದಾಗ ನಿಮ್ಮೂರಿಗೆ ಬಂದೆನಲ್ಲ, ಆಗ ಅಮ್ಮ ತೀರಿಕೊಂಡು ಆಕೆಯ ಶಾವಿಗೆ ಒರಳು ನನ್ನ ಅಣ್ಣನ ಹೆಂಡತಿ, ಅತ್ತಿಗೆಯ ಕೈ ಸೇರಿತ್ತು. ವರ್ಷಗಟ್ಟಲೆ ಬಯಸಿದ್ದ ಕಾಯಿಹಾಲಿನ ಶಾವಿಗೆ ನಾಲಿಗೆಗೆ ನೀರುನೀರೆನಿಸಿತು. "ಗಿಣ್ಣ ಹಾಕಿದ್ರ ಚಲೋ ಆಗತಿತ್ತು," ಎಂದುಬಿಟ್ಟೆ.

"ಘಟ್ಟದ ಮೇಲಿನವರಿಗೆ ನಮ್ಮ ಶಾವಿಗೆ ರುಚಿಸ್ತದ್ಯ?" ಎಂದು ಅತ್ತಿಗೆ ನಕ್ಕಳು. ನಾನು ಹುಟ್ಟಿದ ಮನೆಯಲ್ಲಿ ಕೂತು ಆ ಮಾತು ಕೇಳಿದೆ. ನಮ್ಮೂರನ್ನು ನಾನೇ 'ನಿಮ್ಮೂರು' ಎಂದು ಬರೆದದ್ದೂ ಈಗಷ್ಟೇ ಕಣ್ಣಿಗೆ ಬಿತ್ತು.

ಗಜೇಂದ್ರಗಡಕ್ಕೆ ಮರಳಿದಾಗ ನೀಲವ್ವ ಬಾಗಿಲಲ್ಲೇ ಕೂಗಿದಳು: "ಅತ್ತಿ, ನಮ್ಮ ಗಂಜಿ ಸೊಸಿ ಬಂದ್ಲು ನೋಡ್ರಿ." ಮಣೆ ಒರೆಸಿ ಪಕ್ಕದಲ್ಲಿ ಜಾಗ ಬಿಟ್ಟಳು. ಕೂತು ಹೊಸೆದೆ. ಎಳೆ ತುಂಡಾಯಿತು.

ಅಲ್ಲಿ ಒರಳು ಅತ್ತಿಗೆಯದು, ಇಲ್ಲಿ ಮಣೆ ನೀಲವ್ವನದು. ಮೊನ್ನೆ ಓಣಿಯ ಹೊಸ ಮದುಮಗಳೊಬ್ಬಳು ಗಂಜಿಯ ಗಡಿಗೆ ಉರುಳಿಸಿದಾಗ ಯಾರೋ ಅವಳನ್ನು ಗಂಜಿ ಸೊಸಿ ಎಂದರು. ನಾನು ಎದ್ದು ಹೋಗಿ ಜಗಳವಾಡಿದೆ. ಆ ಹೆಸರು ನನ್ನದು, ಯಾರಿಗೂ ಕೊಡುವುದಿಲ್ಲ.