ಜೆಟ್ಟಿಗೆ ತಂತಿ ಹಾಕದ ಪಾಲಯ್ಯ

ಪಾಲಯ್ಯ ಹೋದ ಮೇಲೆ ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಅವನ ತಗಡಿನ ಅಂಗಡಿ ಮುಚ್ಚಿಯೇ ಇದೆ. ಹರಿಹರದಿಂದ ನಾನು ದಿನವೂ ಕೆಲಸಕ್ಕೆ ಅದರ ಮುಂದೆಯೇ ಬರಬೇಕು. ಬೇರೆ ದಾರಿಯಿಲ್ಲ.

ಲೋಕಿಕೆರೆಯ ಶಾಲೆಯಲ್ಲಿ ನಾವಿಬ್ಬರೂ ಒಟ್ಟಿಗೆ ಕಲಿತವರು. ನಾನು ಮುಂದೆ ಓದಿದೆ. ಅವನು ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಗೆ ಸೇರಿದ. ಸಂಜೆ ಹೊರಬಂದಾಗ ಹುಬ್ಬು, ರೆಪ್ಪೆ ಎಲ್ಲ ಅರಳೆ ಮೆತ್ತಿ ಬೆಳ್ಳಗಿರುತ್ತಿದ್ದವು. "ನೋಡ್ಲೇ, ಮದುವಿಗೆ ಮುಂಚೇನೆ ಮುದುಕ ಆದೆ" ಎಂದು ನಗುತ್ತಿದ್ದ. ಮೈಮೇಲಿನ ಧೂಳನ್ನು ತೊಳೆದುಕೊಳ್ಳುತ್ತಿದ್ದ. ಒಳಗೆ ಹೋದದ್ದು ಅಲ್ಲೇ ಉಳಿಯಿತು.

ಐವತ್ತಾರನೇ ಇಸವಿಯಲ್ಲಿ ಜಿನ್ನು ಬಿಟ್ಟು ಮೋಟಾರ್ ಸೈಕಲ್ ರಿಪೇರಿಗೆ ಇಳಿದ. ಕಾರ್ಬುರೇಟರ್ ಟ್ಯೂನಿಂಗ್ ಎಂದರೆ ಪಾಲಯ್ಯ ಎನ್ನುವಂತಾಯಿತು. ಕಾರ್ಬುರೇಟರಿನೊಳಗೆ ಜೆಟ್ ಎಂಬ ಹಿತ್ತಾಳೆಯ ಚೂರು ಇರುತ್ತದೆ; ಅದರ ನಡುವಿನ ಸೂಜಿಮೊನೆಯಂಥ ತೂತಿನಿಂದಲೇ ಎಂಜಿನ್ನಿಗೆ ಪೆಟ್ರೋಲು ಹೋಗಬೇಕು. ಕಸ ಕಟ್ಟಿದರೆ ಉಳಿದವರು ತಂತಿ ತೂರಿಸುತ್ತಿದ್ದರು. ಪಾಲಯ್ಯ ಬಿಡುತ್ತಿರಲಿಲ್ಲ. ತಂತಿ ಆಡಿದರೆ ತೂತು ಅಗಲವಾಗಿ, ಗಾಡಿ ಪೆಟ್ರೋಲು ಕುಡಿದು ಕಪ್ಪು ಹೊಗೆ ಬಿಡುತ್ತದೆ. ಅವನು ಜೆಟ್ಟನ್ನು ತುಟಿಗಿಟ್ಟು ಊದುತ್ತಿದ್ದ.

ಹತ್ತಿ ವ್ಯಾಪಾರಿ ಕೆಂಚವೀರಪ್ಪನವರು ಬುಲೆಟ್ ತಂದು ನಿಲ್ಲಿಸಿ ಕೆಣಕುತ್ತಿದ್ದರು: "ಏನ್ ಪಾಲಯ್ಯ, ಕೃಷ್ಣನಂಗೆ ಊದ್ತೀಯಲ್ಲ, ಗೋಪಿಯರು ಎಲ್ಲಿ?"

"ಬಂದು ನಿಂತಾರಲ್ರೀ ಸಾವ್ಕಾರ್ರೆ, ಮೀಸೆ ಬಿಟ್ಕಂಡು."

ಆ ನಗುವಿನ ಕೊನೆಗೆ ಕೆಮ್ಮು ಸೇರಿದ್ದು ಯಾವಾಗಲೋ ನೆನಪಿಲ್ಲ. ಬರಬರುತ್ತಾ ಒಂದು ಜೆಟ್ ಊದಿ ಗೋಡೆಗೊರಗಿ ಕೂರತೊಡಗಿದ.

"ಅಣ್ಣಾರೆ, ನೀವಾದ್ರೂ ಹೇಳ್ರಿ" ಎಂದು ಅವನ ಹೆಂಡತಿ ದುರುಗವ್ವ ನನ್ನನ್ನು ಹಿಡಿದುಕೊಂಡರು. "ಸೈಕಲ್ ಪಂಪ್ ಐತೆ, ಅದ್ರಾಗೆ ಊದಬಾರ್ದಾ?"

"ಪಂಪಿಗೆ ತೂತು ಹೆಂಗೈತೆ ಅಂತ ಗೊತ್ತಾಗಲ್ಲ ಕಣೇ. ನಾಲಿಗೆಗೆ ಗೊತ್ತಾಗತೈತೆ" ಎಂದ ಪಾಲಯ್ಯ. ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದ: "ಊದೋದು ನಿಂತ ದಿನ ನನ್ನ ಕೆಲ್ಸ ಮುಗೀತು ನೋಡು."

ಈ ಬೇಸಿಗೆಯಲ್ಲಿ ಅವನನ್ನು ನನ್ನ ಮೋಟಾರ್ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹರಿಹರದ ಡಾಕ್ಟರರಲ್ಲಿಗೆ ಹೋದೆ. ಅವರು ಅವನ ಎದೆಗೆ ಕಿವಿಗೊಟ್ಟು ಕೇಳಿ, ಮಾತನ್ನು ಮಾತ್ರ ನನ್ನೊಡನೆ ಆಡಿದರು. ಪಾಲಯ್ಯ ಅಂಗಿಯ ಗುಂಡಿ ಹಾಕಿಕೊಂಡು ಹೊರಗೆ ಗಾಡಿಯ ಹತ್ತಿರ ಹೋಗಿ ನಿಂತ.

ಮರಳುವಾಗ ನನ್ನ ಗಾಡಿ ಎರಡು ಸಲ ಮುಕ್ಕರಿಸಿ ನಿಂತಿತು. ಅವನು ಇಳಿದು ಜೆಟ್ ಬಿಚ್ಚಿ ಊದಿದ. ಉಸಿರು ತುಟಿಯಲ್ಲೇ ಉಳಿಯಿತು. ಮತ್ತೆ ಊದಿದ. ಕೆಮ್ಮುತ್ತಾ ಜಾಲಿಮರದ ಬುಡದಲ್ಲಿ ಕುಕ್ಕರಿಸಿದ.

"ಕೊಡು, ನಾನು ಊದ್ತೀನಿ" ಎಂದೆ.

ಕೊಟ್ಟ. ಕಣ್ಣು ಕತ್ತಲೆ ಬರುವಷ್ಟು ಊದಿದೆ, ಕಸ ಕದಲಲಿಲ್ಲ. ಅವನು ನನ್ನನ್ನೇ ನೋಡುತ್ತಿದ್ದ. ಆಮೇಲೆ ನನ್ನ ಕೈಯಿಂದ ಜೆಟ್ ತೆಗೆದುಕೊಂಡು, ಗಾಡಿಯ ಪೆಟ್ಟಿಗೆಯಲ್ಲಿದ್ದ ಹಳೆಯ ಕ್ಲಚ್ ವೈರಿನಿಂದ ಒಂದು ಎಳೆ ಕಿತ್ತ.

"ಬ್ಯಾಡ ಪಾಲಯ್ಯ. ತಳ್ಳಿಕೊಂಡೇ ಹೋಗಾನ."

"ನಾನು ನಡೀಬೇಕಲ್ಲಪ್ಪ" ಎಂದ.

ತಂತಿ ತೂರಿಸಿದ. ಒಂದೇ ಸಲವಲ್ಲ, ಆಡಿಸಿ ಆಡಿಸಿ ತೂರಿಸಿದ. ಗಾಡಿ ಹೊರಟಿತು. ಅಂಗಡಿಯ ಮುಂದೆ ಇಳಿದು, ಎಂಜಿನ್ ಆರಿಸಲು ಹೋದ ನನ್ನ ಕೈ ಹಿಡಿದ.

"ಇರು. ಕೇಳು... ಗಾಡಿ ಹೊಟ್ಟೆಬಾಕ ಆತು. ಹೊಸ ಜೆಟ್ ಹಾಕ್ಸಿಕೋ. ಯಾರತ್ರನಾದ್ರೂ ಹಾಕ್ಸು."

ಮರುದಿನ ಅಂಗಡಿ ತೆರೆಯಲಿಲ್ಲ. ಮಳೆ ಹಿಡಿಯುವ ಹೊತ್ತಿಗೆ ಅವನೂ ಇರಲಿಲ್ಲ.

ಹೊಸ ಜೆಟ್ ತಂದಿದ್ದೇನೆ. ಅದು ಕಾಗದದಲ್ಲಿ ಸುತ್ತಿದಂತೆಯೇ ಇದೆ. ಗಾಡಿ ಕಪ್ಪು ಹೊಗೆ ಬಿಡುತ್ತಲೇ ಆ ಅಂಗಡಿಯನ್ನು ದಾಟುತ್ತದೆ. ಜೆಟ್ ಎಲ್ಲಿ ಬೇಕಾದರೂ ಸಿಗುತ್ತದೆ; ಅವನ ಕೈ ಆಡಿದ ಈ ತೂತು ಸಿಗುವುದಿಲ್ಲ.