ಎಣ್ಣೆ ಕುಡಿದ ಸೈಕಲ್ಲು

ನಮ್ಮ ದೊಡ್ಡವ್ವ, ಅಂದರೆ ಅಪ್ಪನ ಅಣ್ಣನ ಹೆಂಡತಿ, ಮೊಣಕಾಲು ನೋವಿನಿಂದ ಹಗ್ಗದ ಹೊರಸು ಹಿಡಿದು ಮಲಗಿದ ವರ್ಷ ನಮ್ಮ ಮನೆಯ ರೊಟ್ಟಿಯ ಆಕಾರವೇ ಬದಲಾಯಿತು. ಅಲ್ಲಿಯವರೆಗೆ ಒಲೆಯ ಮುಂದಿನ ಮಣೆ ಆಕೆಯದು. ಈಗ ಅದರ ಮೇಲೆ ನಮ್ಮವ್ವ ಕೂತಳು. ಅವ್ವ ಬಡಿದ ರೊಟ್ಟಿಯನ್ನು ದೊಡ್ಡವ್ವ ಹೊರಸಿನಲ್ಲಿ ಕೂತೇ ಬೆಳಕಿಗೆ ಹಿಡಿದು ನೋಡಿ, ಅಂಚು ಹರಿದಿದೆ ಎಂದೋ ನಡುವೆ ದಪ್ಪ ಎಂದೋ ಹೇಳುವಳು. ಅವ್ವ ಸೆರಗು ಬಾಯಿಗೆ ಹಿಡಿದು ನಗುವಳು. ಜಗಳವಲ್ಲ ಅದು, ನೆಗೆಣ್ಣಿಯರಿಬ್ಬರೂ ಒಂದೇ ತಾಟಿನಲ್ಲಿ ಉಣ್ಣುವವರು. ದೊಡ್ಡವ್ವನಿಗೆ ಬೇಕಾದದ್ದು ಇಷ್ಟೇ: ಮತ್ತೊಮ್ಮೆ ಕಾಲು ಮಡಚಿ ಆ ಮಣೆಯ ಮೇಲೆ ಕೂಡುವುದು.

ಭಾರ ಬೀಳದಂತೆ ಕಾಲು ಆಡಬೇಕು, ದಿನಾ ಹಗುರಾಗಿ ಸೈಕಲ್ ತುಳಿದರೆ ಒಳ್ಳೆಯದು ಎಂದರು ಹುಬ್ಬಳ್ಳಿಯ ಡಾಕ್ಟರು. ಅದು ಎಂಬತ್ತರ ದಶಕ. ನಮ್ಮದು ಅಣ್ಣಿಗೇರಿಯ ಆಚೆ, ಎರೆಹೊಲಗಳ ನಡುವಿನ ಊರು. ಅಲ್ಲಿಯ ಓಣಿಯಲ್ಲಿ ಕಚ್ಚೆ ಸೀರೆ ಉಟ್ಟು ತಾನು ಸೈಕಲ್ ಹೊಡೆಯುವುದನ್ನು ನೆನೆದು, ಬಸ್ಸು ಊರು ಮುಟ್ಟುವತನಕ ದೊಡ್ಡವ್ವ ನಕ್ಕಳಂತೆ.

ಅದೇ ಸುಮಾರಿಗೆ ನಮ್ಮ ಗರಡಿಮನೆಗೆ ಹೊಸ ಸಾಮಾನೊಂದು ಬಂತು. ಅಣ್ಣಿಗೇರಿಯ ಹತ್ತಿ ದಲಾಲರೊಬ್ಬರು ಹೊಟ್ಟೆ ಇಳಿಸಲೆಂದು ಮುಂಬಯಿಯಿಂದ ತರಿಸಿದ್ದ ಕಸರತ್ತಿನ ಸೈಕಲ್ಲು. ಹೊಟ್ಟೆ ಇಳಿಯಲಿಲ್ಲ, ಅವರೇ ಇಳಿದರು. ಗರಡಿಯ ದೇವರು ಹಣಮಪ್ಪನ ಸೇವೆಯೆಂದು ಚಕ್ಕಡಿಯಲ್ಲಿ ಹೇರಿ ನಮಗೆ ಕಳಿಸಿದರು.

ಅದಕ್ಕಿದ್ದದ್ದು ಒಂದೇ ಗಾಲಿ, ಅದೂ ನೆಲಕ್ಕೆ ತಾಗದು. ಗಾಲಿಯ ಸುತ್ತ ಒಂದು ಪಟ್ಟಿ. ಮುಂದಿನ ತಿರುಪು ಬಿಗಿದಷ್ಟೂ ಪಟ್ಟಿ ಗಾಲಿಯನ್ನು ಹಿಡಿದು ತುಳಿಯುವುದು ಭಾರವಾಗುತ್ತಿತ್ತು. ಹಿಡಿಕೆಯ ನಡುವೆ ವೇಗ ತೋರಿಸುವ ಮುಳ್ಳು, ಬಾಜುವಿಗೆ ಹೊತ್ತು ಮುಗಿದರೆ ಟಿಣ್ ಎನ್ನುವ ಗಂಟೆ. ಗದೆ, ಗುಂಡುಕಲ್ಲು ಬಿಟ್ಟರೆ ಬೇರೇನೂ ಕಾಣದ ನಾವು ಸುತ್ತ ನಿಂತೆವು. ನಮಗೆ ಕುಸ್ತಿ ಕಲಿಸುವ ವಸ್ತಾದರು ಅದಕ್ಕೆ ಒಂದು ಸುತ್ತು ಬಂದು ಕೇಳಿದರು: "ಎಲ್ಲಿಗೂ ಹೋಗೂದಿಲ್ಲಂದ್ರ ಇದಕ್ಕ ಗಾಲಿ ಯಾಕ್ರಪಾ?"

ಆದರೂ ಕೆಲವು ದಿನ ಅದರದೇ ಗುಂಗು. ತಿರುಪು ಬಿಗಿದು ತುಳಿದು, ತೊಡೆ ನಡುಗಿಸಿಕೊಂಡು ಇಳಿದವರೆಲ್ಲ ಇದು ಸಾಮಾನ್ಯದ್ದಲ್ಲ ಎಂದು ಒಪ್ಪಿದರು. ಮನೆಯಲ್ಲಿ ನಾನಿದನ್ನು ಹೇಳಿದಾಗ ದೊಡ್ಡವ್ವ ಎದ್ದು ಕೂತು ಕೇಳಿ, ಅದನ್ನು ತನ್ನ ಸಲುವಾಗಿಯೇ ಮಾಡಿದ್ದಾರೆ ಎಂದಳು. ಆದರೆ ಗರಡಿಯ ಹೊಸ್ತಿಲನ್ನು ಹೆಂಗಸರು ದಾಟುವಂತಿಲ್ಲ. ಹಣಮಪ್ಪನಿಗೆ ಒಪ್ಪಿಸಿದ ಸಾಮಾನು ಆ ಹೊಸ್ತಿಲು ದಾಟಿ ಹೊರಗೆ ಬರುವಂತಿಲ್ಲ. ವಸ್ತಾದರನ್ನು ಕೇಳುವ ಧೈರ್ಯ ನನಗಾಗಲಿಲ್ಲ.

ಶನಿವಾರ ಬಂತು. ಅವತ್ತು ಗರಡಿಯ ಎಲ್ಲ ಸಾಮಾನಿಗೂ ಕುಸುಬಿ ಎಣ್ಣೆ. ಗದೆಗೆ, ಮಲ್ಲಕಂಬಕ್ಕೆ, ಕಡೆಗೆ ಕುಸ್ತಿಯ ಮಣ್ಣಿಗೂ ಎಣ್ಣೆ ಬೀಳಬೇಕು. ಎಣ್ಣೆ ಉಂಡ ಸಾಮಾನಿಗೇ ಕಸುವು ಎಂಬುದು ನಮ್ಮ ನಂಬಿಕೆ. ಹೊಸದಕ್ಕೆ ಕಡಿಮೆ ಮಾಡಿದರೆ ಹಣಮಪ್ಪ ಏನೆಂದಾನು? ಎಲ್ಲರೂ ಸೇರಿ ಅದರ ಮೈಯೆಲ್ಲ ತಿಕ್ಕಿ, ಪಟ್ಟಿಗೆ ಒಂದು ಮಿಳ್ಳೆ ಹೆಚ್ಚಿಗೇ ಕುಡಿಸಿದೆವು. ಊದುಬತ್ತಿ ಬೆಳಗಿದ ಮೇಲೆ ನಮ್ಮಲ್ಲಿ ಎಲ್ಲರಿಗಿಂತ ದೊಡ್ಡ ಪೈಲ್ವಾನ ಹತ್ತಿ ಕೂತು ಒಮ್ಮೆ ತುಳಿದ. ಗಾಲಿ ಗಿರ್ರೆಂದು ಓಡಿತು, ಮುಳ್ಳು ಆ ತುದಿಗೆ ಹೋಗಿ ನಿಂತಿತು. ತಿರುಪು ಎಷ್ಟು ಬಿಗಿದರೂ ಪಟ್ಟಿ ಜಾರಿತೇ ಹೊರತು ಹಿಡಿಯಲಿಲ್ಲ. ಒರೆಸಿದೆವು, ಬಿಸಿಲಿಗಿಟ್ಟೆವು, ಬೂದಿ ಹಚ್ಚಿದೆವು. ಊಹೂಂ. "ಇದನ್ನ ನಮ್ಮ ಮನ್ಯಾಗಿನ ಕೂಸು ತುಳಿತೈತಿ ಬಿಡ್ರಿ" ಎಂದು ಪೈಲ್ವಾನ ಮುಖ ಸಣ್ಣದು ಮಾಡಿಕೊಂಡು ಇಳಿದ.

ಆಗ ನನ್ನ ಬಾಯಿ ಬಿಚ್ಚಿತು. ದೊಡ್ಡವ್ವನ ಮೊಣಕಾಲು, ಡಾಕ್ಟರ ಮಾತು ಎಲ್ಲ ಹೇಳಿದೆ. ವಸ್ತಾದರು ಹಣಮಪ್ಪನ ಪಟಕ್ಕೆ ಕೈಮುಗಿದು ನಮ್ಮ ಕಡೆ ತಿರುಗಿದರು.

"ಎಣ್ಣಿ ಉಂಡು ಕಸುವು ಬಂದ್ರ ಅದು ಗರಡಿ ಸಾಮಾನು," ಎಂದರು. "ಇದು ಎಣ್ಣಿ ಉಂಡು ಇದ್ದ ಕಸುವೂ ಕಳಕೊಂಡೈತಿ. ಇದು ನಮ್ಮದಲ್ಲ. ಅಕ್ಕಾರ ಮನಿಗೆ ಒಯ್ರಿ."

ಪೈಲ್ವಾನರ ಹೆಗಲೇರಿ ಅದು ನಮ್ಮ ಪಡಸಾಲೆಗೆ ಬಂತು. ಜೋಳದ ಚೀಲದ ಮೇಲೆ ಕಾಲಿಟ್ಟು, ಅವ್ವನ ಭುಜ ಹಿಡಿದು ದೊಡ್ಡವ್ವ ಹತ್ತಿದಳು. ಕಚ್ಚೆ ಸೀರೆ ಅನುಕೂಲವೇ ಆಯಿತು. ಮೊದಮೊದಲು ಅರ್ಧ ಸುತ್ತಿಗೇ ಹಲ್ಲು ಕಚ್ಚುವಳು. ಬರಬರುತ್ತ, ಅವ್ವ ಬೇಳೆ ಒಲೆಗಿಟ್ಟಾಗ ಹತ್ತಿದರೆ ಬೇಳೆ ಬೇಯುವುದಕ್ಕೂ ಗಂಟೆ ಟಿಣ್ ಎನ್ನುವುದಕ್ಕೂ ಸರಿಹೋಗತೊಡಗಿತು. ಪಟ್ಟಿ ಒಣಗದಿರಲೆಂದು ವಸ್ತಾದರು ಶನಿವಾರಕ್ಕೊಮ್ಮೆ ಎಣ್ಣೆ ಕಳಿಸುತ್ತಿದ್ದರು. ಬಾಜು ಮನೆಯಾಕೆ ನೋಡಲು ಬಂದು, ಎಲ್ಲಿಯತನಕ ಬಂದಿರಿ ಎಂದು ಕೆಣಕಿದಳು.

"ತಿರ್ಲಾಪುರದ ಸನೇಕ ಬಂದೇನಿ," ಎಂದಳು ದೊಡ್ಡವ್ವ, ತುಳಿಯುವುದನ್ನು ಬಿಡದೆ. "ತವರಮನಿ ಕಂಡ್ರ ಇಳಿತೇನಿ, ತಡಿಬೇ."

ಸುಗ್ಗಿ ಮುಗಿದು ಹೊಸ ಜೋಳದ ಹಿಟ್ಟು ಬಂದ ದಿನ ದೊಡ್ಡವ್ವ ಯಾರಿಗೂ ಹೇಳದೆ ಅಡುಗೆಮನೆಗೆ ನಡೆದಳು. ಅವ್ವ ಮಣೆ ಬಿಟ್ಟೆದ್ದಳು. ದೊಡ್ಡವ್ವ ಗೋಡೆಗೆ ಕೈಯಾನಿಸಿ, ಒಂದು ಕಾಲು ಮಡಚಿ, ಇನ್ನೊಂದನ್ನು ಮೆಲ್ಲಗೆ ಎಳೆದುಕೊಂಡು, ಉಸ್ ಎಂದು ಕೂತೇಬಿಟ್ಟಳು. ಹಿಟ್ಟು ನಾದಿ ಬಡಿದ ಮೊದಲ ರೊಟ್ಟಿ ಹಂಚಿನ ಮೇಲೆ ಉಬ್ಬಿತು. ಅವ್ವ ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ ಮುರುಗಿಸಿ ನೋಡಿ, ಅಂಚು ಹರಿದಿದೆ ಎಂದಳು. ಇಬ್ಬರೂ ನಕ್ಕರು.

ಬುಟ್ಟಿ ತುಂಬಿತು. ಹಿಟ್ಟು ಮುಗಿಯಿತು. ದೊಡ್ಡವ್ವ ಏಳಲಿಲ್ಲ, ಇನ್ನಷ್ಟು ಹಿಟ್ಟು ತರಿಸಿದಳು. ಅದೂ ಮುಗಿಯುತ್ತ ಬಂತು. ಇಷ್ಟು ರೊಟ್ಟಿ ಯಾರಿಗೆ ಎಂದು ಅವ್ವ ಕೇಳಿದಾಗ ದೊಡ್ಡವ್ವ ನನ್ನ ಕಡೆ ತಿರುಗಿದಳು.

"ಗರಡಿಗೆ ಒಯ್ದು ಕೊಡೋ ತಮ್ಮಾ. ಬರೂ ಮುಂದ ಇಬ್ರು ಪೈಲ್ವಾನರನ್ನ ಕರಕೊಂಡು ಬಾ. ಕುಂದ್ರೂದಷ್ಟ ಕಲ್ತೇನಿ, ಏಳೂದು ಇನ್ನೂ ಬಂದಿಲ್ಲ."