ಕೊನೆಯ ಡಬ್ಬಿಯ ದೀಪ

ಊರಿನ ಪುಟ್ಟ ರೈಲುಹಾದಿಯ ಹಳಿಗಳನ್ನು ಕಿತ್ತು ಎಷ್ಟೋ ಕಾಲವಾದರೂ ಗಾರ್ಡ್ ಮಾವ ಮಾತ್ರ ಕೊನೆಯ ಡಬ್ಬಿಯಿಂದ ಇನ್ನೂ ಇಳಿದಿಲ್ಲ. ಮನೆಮಂದಿ ಎಲ್ಲಿಗೆ ಹೊರಟರೂ ಅವರು ಎಲ್ಲರ ಹಿಂದೆ, ಬಸ್ಸಿನಲ್ಲೂ ಹಿಂದಿನ ಸೀಟೇ ಆಗಬೇಕು, ಅಲ್ಲಿಂದ "ಎಲ್ಲಾ ಹತ್ತಿದ್ರಾ?" ಎಂದು ಕೂಗಿ ಕಂಡಕ್ಟರನ ತಲೆ ತಿನ್ನಬೇಕು. ಸೌದೆ ಸಾಗಿಸಲೆಂದು ಹುಟ್ಟಿ, ಆಮೇಲೆ ಜನರನ್ನೂ ಕುರಿಗಳನ್ನೂ ಒಂದೇ ದರ್ಜೆಯಲ್ಲಿ ಹೊತ್ತು, ಕಡೆಗೆ ಅದೇ ಬಸ್ಸಿಗೆ ಸೋತ ಆ ಹಾದಿಯ ಚರಿತ್ರೆಯನ್ನು ಅವರು ಶುರುಮಾಡಿದರೆ, ಒಲೆಯ ಮೇಲಿನ ಹಾಲು ಉಕ್ಕಿ ಸುರಿದರೂ ಮುಗಿಯದು. "ಗಾಡಿ ನಿಂತ್ರೂ ನಿಮ್ಮ ಬಾಯಿಗೆ ಬ್ರೇಕಿಲ್ಲ" ಎನ್ನುತ್ತಾರೆ ಅತ್ತೆ. ಕಡೆಯ ಓಟದ ದಿನ ಮಾವ ರೈಲಿನ ಹಿಂಬದಿಯ ಕೆಂಪು ದೀಪವನ್ನು ಕಳಚಿ ಮನೆಗೆ ತಂದು ಗೋಡೆಯ ಮೊಳೆಗೆ ತಗುಲಿಹಾಕಿದ್ದರು. ಮೊನ್ನೆ ಅತ್ತೆ ಅದರ ಧೂಳು ಒರೆಸುತ್ತಾ, "ಇದನ್ನ ಗುಜರಿಗೆ ಹಾಕ್ಲಾ?" ಎಂದರು. ಮಾವನ ದನಿ ಇಳಿಯಿತು. "ಈ ದೀಪ ಕಂಡ್ರೆ ಮಾತ್ರ ಗಾಡಿ ಪೂರ್ತಿ ಬಂತು ಅಂತ ಸ್ಟೇಷನ್ನಲ್ಲಿ ಒಪ್ಕೊಳ್ಳೋದು ಕಣೇ. ಅವತ್ತು ಸ್ಟೇಷನ್ ಸೇರೋಕೆ ಮುಂಚೇನೇ ನಾನು ಬಿಚ್ಚಿಬಿಟ್ಟೆ. ನಿಯಮದ ಪ್ರಕಾರ ನಮ್ಮ ಗಾಡಿ ಇನ್ನೂ ಬರ್ತಾನೇ ಇದೆ." ಅತ್ತೆ ದೀಪವನ್ನು ಮತ್ತೆ ಅದೇ ಮೊಳೆಗೆ ತಗುಲಿಹಾಕಿದರು. ಯಾರ ಕಣ್ಣಿಗೂ ಬೀಳದಂತೆ, ಕೆಂಪು ಗಾಜನ್ನು ಮಾತ್ರ ಗೋಡೆಯ ಕಡೆಗೆ ತಿರುಗಿಸಿದರು.